ಬೋರ್ಡಿನ್ಯಾಗ ಇದ್ದಂಗ

ಗಂಜಿನ ತಿರುವಿನ್ಯಾಗ ಲಾಡ್ಲೇಸಾಬನ ಬಂಡಿ.
'ನ್ಯೂ ಗುಲ್ಶನ್ ಫಾಸ್ಟ್ ಫುಡ್' ಅಂತ ಕೆಂಪು ಅಕ್ಷರ,
ಕೆಳಗ ಹದಿನಾಲ್ಕು ಐಟಂ, ಹದಿನಾಲ್ಕು ರೇಟು.
ಆ ಬೋರ್ಡಿನ್ಯಾಗ ಇದ್ದಂಗ ಯಾರೂ ಏನೂ ಕೇಳಂಗಿಲ್ಲ.
ಚೀಟಿ ಬರಿಯಾಂವ ನಾ, ನನಗ ಗೊತ್ತದ.

ಹೋಮ್‌ಗಾರ್ಡ್ ಬಾಬುರಾವ "ಪಾರ್ಸಲ್" ಅಂತಾನ,
ಕಟ್ಟಿಸ್ಕೊಂಡು ಎರಡೇ ಹೆಜ್ಜಿ ಆಚಿಗಿ ಹೋಗಿ
ಬೈಕಿನ ಸೀಟಿನ ಮ್ಯಾಲೇ ಬಿಚ್ಚತಾನ.
ಪ್ಲೇಟಿಗಿಂತ ಪಾರ್ಸಲಿಗಿ ಒಂದು ಸೌಟು ಜಾಸ್ತಿ ಬೀಳತದ.
ಇದು ಸಾಹೇಬಗೂ ಗೊತ್ತು, ಸಾಬಗೂ ಗೊತ್ತು,
ಯಾರೂ ಬಾಯಿ ಬಿಡಂಗಿಲ್ಲ.

ನರ್ಸಿಂಗ್ ಹಾಸ್ಟೆಲಿನ ಮೂರು ಹುಡುಗ್ಯಾರು:
"ಗೋಬಿ ಒಣದು, ರಸ ಬ್ಯಾರೆ ಕಟ್ಟು ಅಣ್ಣಾ,
ರಸ ಜರಾ ಜಾಸ್ತಿ."
ಗೋಬಿ ದಾರ್ಯಾಗೇ ಕುರುಂ ಕುರುಂ ಮುಗೀತದ,
ರಸ ಹಾಸ್ಟೆಲಿನ ತಣ್ಣನ ಅನ್ನಕ್ಕ.

ಶ್ರಾವಣ ಬಂತಂದ್ರ ಕಿರಾಣಿ ಅಂಗಡಿ ಗುರುಪಾದಪ್ಪ
ಬಗ್ಗಿ, ದನಿ ಇಳಿಸಿ,
"ಎಗ್ ರೈಸ್. ತತ್ತಿ ಬ್ಯಾಡ.
ಆದ್ರ ಕಡಾಯಿ ತೊಳೀಬ್ಯಾಡ."
ಚೀಟಿ ಮ್ಯಾಲ ಒಂದು ಸೊನ್ನಿ ಬರದು
ಅದಕ್ಕ ಗೀಟು ಹೊಡೀತೀನಿ.
ದೇವರು ಚೀಟಿ ಓದತಾನೋ ಇಲ್ಲೋ.

ಇನ್ನ ಸೂಗಮ್ಮ.
ದಾಲ್ ಮಿಲ್ ಬಿಟ್ಟ ಮ್ಯಾಲ ಬರತಾಳ,
ಕಣ್ಣರೆಪ್ಪಿ ತುಂಬ ತೊಗರಿ ಧೂಳ.
ಮೊದಲ ದಿನ ಸೆರಗಿನ್ಯಾಗಿಂದ ಎರಡು ಕಡಕ್ ರೊಟ್ಟಿ ತಗದು
ಬಂಡಿ ಮ್ಯಾಲ ಇಟ್ಟಳು:
"ಅನ್ನದ ಬದ್ಲಿ ಇದನ್ನ ಮುರದು ಹಾಕು.
ಖಾರ, ಉಳ್ಳಾಗಡ್ಡಿ, ಆ ಕರೀ ನೀರು ನಿಂದು.
ಉರಿ ನಿಂದು. ಎಷ್ಟ್ ಕೊಡ್ಲಿ?"
ಸಾಬ ಸೌಟು ಹಿಡದು ನಿಂತೇ ಬಿಟ್ಟ.
ಉರಿಗಿ ರೇಟು ಯಾರು ಹಚ್ಯಾರ?
"ಹತ್ತು," ಅಂದ, ಸೋತಾಂವ ಅಂದಂಗ.

ರೊಟ್ಟಿ ಕಡಾಯ್ಯಾಗ ಚಟಪಟ ಅಂತು,
ಸಾಸ್ ಕುಡದು ಅಂಚು ಮೆತ್ತಗ, ನಡು ಇನ್ನಾ ಕಡಕ್.
ವಾಸನಿ ಗಂಜಿನ ಗೇಟ್ ತನಕ ಹೋಯ್ತು.
ಬಾಬುರಾವ ಬಂದ, "ನನಗೂ ಅದೇ."
ಹಮಾಲರು ಬಂದ್ರು. ಗುರುಪಾದಪ್ಪನೂ ಬಂದ,
ಅದು ಶ್ರಾವಣಕ್ಕೂ ನಡೀತದಂತ.

ತಿಂಗಳ ಒಪ್ಪತ್ತಿನ್ಯಾಗ ಪೇಂಟರ್ ಬಂದು
ಹದಿನೈದನೇದು ಬರದ:
ರೊಟ್ಟಿ ಮಂಚೂರಿ, ಅರವತ್ತು.

ಬಣ್ಣ ಇನ್ನಾ ಹಸೀ ಇತ್ತು. ಸೂಗಮ್ಮ
ಬೋರ್ಡಿನ ಮುಂದ ಭಾಳೊತ್ತು ನಿಂತಳು.
ಓದಾಕ ಬರಂಗಿಲ್ಲ ಅಂತ ತಿಳದಿದ್ದೆ ನಾ.
"ಅರವತ್ತು," ಅಂದಳು.
ಸಾಬ ಗ್ಯಾಸಿನ ಕಿವಿ ತಿರುವಿದ, ತಿರುಗಿ ತಿರುವಿದ.
"ನಿನಗ ಹತ್ತೇ, ಅಕ್ಕಾ. ಯಾವತ್ತಿದ್ರೂ ಹತ್ತೇ."
"ಅದು ಬಿಡು. ರೊಟ್ಟಿ ಎಲ್ಲಿಂದ ತರತಿ?"
"ಸ್ಟೇಷನ್ ಕಡಿಂದ. ಮಷೀನಿಂದು."
ಒಂದು ಚೂರು ಮುರದು ಬಾಯಾಗ ಇಟ್ಟಳು, ಉಗಳಲಿಲ್ಲ ಅಷ್ಟೇ.
"ಇದು ರೊಟ್ಟಿ ಅಲ್ಲ, ರಟ್ಟು.
ನಾಳಿಂದ ನಾ ಬಡದು ತರತೀನಿ. ಒಂದಕ್ಕ ಹತ್ತು."
"ಏಳು."
"ಹತ್ತು."
"ಎಂಟು ಹಿಡಿ, ಅಕ್ಕಾ, ಧಂದಾ ಡಲ್ ಅದ..."
"ಬರೀ ಉರಿಗಿ ನಾ ಹತ್ತು ಕೊಟ್ಟೀನಿ. ಮರತ್ಯಾ?"

ಆಮ್ಯಾಲ ಸ್ಟೂಲ್ ಎಳಕೊಂಡು ಕುಂತಳು,
ಸೆರಗಿಲೆ ಕಣ್ಣರೆಪ್ಪಿ ಒರಸ್ಕೊಂಡಳು.
"ಒಂದು ಗೋಬಿ ರೈಸ್."
ಪೆನ್ನು ಎತ್ತಿದೆ. ಖಾರ ಕಮ್ಮಿ? ರಸ ಬ್ಯಾರೆ?
ಉಳ್ಳಾಗಡ್ಡಿ ಮ್ಯಾಲ? ಪಾರ್ಸಲ್?
"ಏನೂ ಬ್ಯಾಡ. ಬೋರ್ಡಿನ್ಯಾಗ ಇದ್ದಂಗ."

ಇಷ್ಟು ದಿನದಾಗ ಹಿಂಗ ಕೇಳಿದಾಕಿ ಈಕಿ ಒಬ್ಬಾಕಿ.
ಚೀಟಿ ಖಾಲಿನೇ ಕೊಟ್ಟೆ.
ಸಾಬ ಒಂದು ಗಳಿಗಿ ಕಡಾಯಿ ನೋಡಕೋತ ನಿಂತ,
ಬೋರ್ಡಿನ್ಯಾಗ ಇದ್ದಂಗ ಮಾಡೂದು ಹೆಂಗ
ಅಂತ ನೆನಪು ಮಾಡ್ಕೋತ.